ನಡುವೆ ಇಟ್ಟ ತಟ್ಟೆ

"ನಾನು ಹೇಳ್ದಂಗೆ ನಮ್ಮ ಹಳೇ ಮಾಸ್ಟ್ರು ಕತ್ತರಿಸಿಕೊಟ್ರು ಸಾರ್" ಎಂದು ನವೀನ್ ಕಂಪನಿಯವರ ಮುಂದೆ ಆಡಿದ ಮಾತು ಯರ್ರಿಸ್ವಾಮಿಯ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದುಬಿಟ್ಟಿತು. ಹೇಳುವಾಗ ನವೀನ್ ನಗುತ್ತಿದ್ದ. ಮಾಸ್ತರನ ಹೆಗಲ ಮೇಲೆ ಕೈಯನ್ನೂ ಇಟ್ಟಿದ್ದ.

ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ಯರ್ರಿಸ್ವಾಮಿ ಇಪ್ಪತ್ತಾರು ವರ್ಷದಿಂದ ಕಟಿಂಗ್ ಮಾಸ್ಟರ್. ಹೆಂಗಸರು ಕೂತರೂ ಎದ್ದರೂ ಸೊಂಟದ ಹಿಂದೆ ಬಾಯಿ ಬಿಡದಂಥ ಒಂದು ಪ್ಯಾಂಟಿಗಾಗಿ ಅವನು ಎರಡು ವರ್ಷ ಅಳತೆಯ ರಟ್ಟು ಕತ್ತರಿಸಿದ್ದ. ಸರಿಬಾರದೆ ಎಸೆದ ರಟ್ಟಿನಲ್ಲಿ ಹೆಂಡತಿ ಮೈಲಾರಮ್ಮ ತಿಂಗಳುಗಟ್ಟಲೆ ಸ್ನಾನದ ನೀರು ಕಾಯಿಸಿದ್ದಳು. ಕೊನೆಗೊಂದು ದಿನ ಸೊಂಟದ ಸರಿಯಾದ ಬಾಗು ಕೈಗೆ ಸಿಕ್ಕಾಗ ಮೊದಲು ತೋರಿಸಿದ್ದು ನವೀನನಿಗೆ. ಮಡಕಶಿರಾ ಕಡೆಯಿಂದ ಟೈಲರ್ ಕೆಲಸ ಹುಡುಕಿಕೊಂಡು ಬಂದಿದ್ದ ನವೀನನಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದವನೇ ಅವನು. ಮದುವೆಯಾಗುವ ತನಕ ನವೀನ್ ಉಂಡದ್ದು ಮೈಲಾರಮ್ಮ ಬಡಿದ ರೊಟ್ಟಿ. ನವೀನ್ ಆ ರಟ್ಟನ್ನು ಕಂಪ್ಯೂಟರಿಗೆ ಏರಿಸಿ ಬೆಂಗಳೂರಿನ ಕಂಪನಿಗೆ ಕಳಿಸಿದ. ಈಗ ಅದರ ಹೆಸರು 'ನವೀನ್ ಕಟ್'. ಮಡಕಶಿರಾದಲ್ಲಿ ಏಳುತ್ತಿರುವ ಹೊಸ ಫ್ಯಾಕ್ಟರಿಗೆ ಅವನೇ ಮ್ಯಾನೇಜರು. ಆ ಖುಷಿಗೆ ಕಂಪನಿಯ ಹನುಮಂತರಾಯಪ್ಪನವರು ಇಬ್ಬರನ್ನೂ ಬೆಂಗಳೂರಿಗೆ ಮಧ್ಯಾಹ್ನದ ಊಟಕ್ಕೆ ಕರೆದರು.

ಯರ್ರಿಸ್ವಾಮಿ ಹೋಟೆಲಿನ ಹೆಸರನ್ನು ಫೋನಿನಲ್ಲಿ ಹುಡುಕಿದ. ದೇಶದೇಶದ ಅಡಿಗೆ ಒಂದೇ ಮೇಜಿಗೆ ಬರುವ ಜಾಗ ಅದು. ಅಲ್ಲಿ ಒಬ್ಬೊಬ್ಬರಿಗೆ ಬೇರೆ ಊಟವಿಲ್ಲ. ತಟ್ಟೆಗಳನ್ನು ನಡುವೆ ಇಡುತ್ತಾರೆ, ಎಲ್ಲರೂ ಅವುಗಳಿಂದಲೇ ಹಂಚಿಕೊಂಡು ತಿನ್ನಬೇಕು. ಚಿತ್ರಗಳನ್ನು ನೋಡುತ್ತ ಹೋದವನ ಬೆರಳು ಒಂದು ಕಡೆ ನಿಂತಿತು. ಥಾಯ್ಲೆಂಡಿನ ಹಸಿ ಪಪ್ಪಾಯಿ ಕೋಸಂಬರಿ. ಶೇಂಗಾ, ಹಸಿಮೆಣಸು, ಬೆಲ್ಲ, ಹುಳಿ. ಅದರ ಜೊತೆ ಕುಟ್ಟಿದ ಒಣ ಸೀಗಡಿ.

ಆರು ವರ್ಷದ ಹಿಂದೆ ಹಳೇ ಮಷೀನು ಕೊಳ್ಳಲು ಇಬ್ಬರೂ ಮುಂಬಯಿಗೆ ಹೋಗಿದ್ದರು. ಅಲ್ಲೊಂದು ಖಾನಾವಳಿಯಲ್ಲಿ ಸೀಗಡಿ ಚಟ್ನಿ ತಿಂದ ನವೀನನ ತುಟಿ ಬಾತು, ಗಂಟಲು ಕಟ್ಟಿ, ಮೈ ನೀಲಿಯಾಗಿತ್ತು. ಅವನನ್ನು ಹೊತ್ತುಕೊಂಡು ಓಡಿದ್ದು ಯರ್ರಿಸ್ವಾಮಿಯೇ. ಇನ್ನೊಮ್ಮೆ ತಿಂದರೆ ಆಸ್ಪತ್ರೆ ತಲುಪುವಷ್ಟು ಹೊತ್ತೂ ಸಿಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಊರಲ್ಲಿ ಯಾರಿಗೂ ಹೇಳಬೇಡಿ, ನಗುತ್ತಾರೆ ಎಂದು ನವೀನ್ ಕೈಮುಗಿದಿದ್ದ. ಯರ್ರಿಸ್ವಾಮಿ ಮೈಲಾರಮ್ಮನಿಗೂ ಹೇಳಿರಲಿಲ್ಲ.

ಬಟ್ಟೆ ಕತ್ತರಿಸುವವನು ಕತ್ತರಿ ಹಾಕುವ ಮುಂಚೆ ಮೂರು ಸಲ ಅಳೆಯುತ್ತಾನೆ. ಯರ್ರಿಸ್ವಾಮಿಯೂ ಅಳೆದ. ವಿಷ ಕೊಳ್ಳಬೇಕಿಲ್ಲ, ಬಚ್ಚಿಡಬೇಕಿಲ್ಲ; ಹೋಟೆಲಿನವರೇ ಹಾಕಿ, ಹೋಟೆಲಿನವರೇ ತಂದಿಡುತ್ತಾರೆ. ತಟ್ಟೆ ಎಲ್ಲರದ್ದು, ಹಾಗಾಗಿ ಯಾರದ್ದೂ ಅಲ್ಲ. ತಾನೇ ಅದನ್ನು ತರಿಸಬಾರದು, ಹನುಮಂತರಾಯಪ್ಪನವರ ಬಾಯಿಂದ ತರಿಸಬೇಕು. ಮೊದಲ ತುತ್ತು ತಾನೇ ತಿನ್ನಬೇಕು. ಒಮ್ಮೆ ಕೈತೊಳೆಯಲು ಎದ್ದುಹೋಗಿ ಬಂದು, ವಿಚಾರಿಸಿಕೊಂಡು ಬಂದೆ, ಸೀಗಡಿ ಇಲ್ಲವಂತೆ ಎಂದು ನವೀನನ ಕಿವಿಯಲ್ಲಿ ಹೇಳಬೇಕು. ಅವನ ಉಸಿರು ಕಟ್ಟಿದ ಕೂಡಲೇ ಎಲ್ಲರಿಗಿಂತ ಮುಂಚೆ ತಾನೇ ಕೂಗುತ್ತ ಎದ್ದು, ಬಡಿಸಿದವನ ಕಾಲರ್ ಹಿಡಿಯಬೇಕು. ಇವರು ನನ್ನನ್ನು ಏನೂ ಕೇಳಲಿಲ್ಲ ಎಂದು ಅವನು ಅಂದರೂ, ನೌಕರಿ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆ ಎಂದೇ ಜನ ತಿಳಿಯುತ್ತಾರೆ. ಮಗನಂತೆ ಸಾಕಿದ ಮಾಸ್ತರನ ಮಾತನ್ನು ಯಾರು ಅನುಮಾನಿಸುತ್ತಾರೆ?

ಬೆಳಗಿನ ಜಾವ ರಾಯದುರ್ಗದಿಂದ ಕಾರು ಹೊರಟಿತು. ಚಳ್ಳಕೆರೆ ಬರುವಷ್ಟರಲ್ಲಿ ನವೀನ್ ಯರ್ರಿಸ್ವಾಮಿಯ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಭುಜ ಜೋಮು ಹಿಡಿಯಿತು. ಯರ್ರಿಸ್ವಾಮಿ ಅಲ್ಲಾಡಿಸಲಿಲ್ಲ. ಇವನಿಗೆ ಜ್ವರ ಬಂದಾಗ ಮೈಲಾರಮ್ಮ ಎರಡು ರಾತ್ರಿ ಹಣೆಗೆ ಒದ್ದೆಬಟ್ಟೆ ಹಾಕಿದ್ದು ನೆನಪಾಯಿತು. ಬೇಡ, ಊಟ ಮಾಡಿ ಸುಮ್ಮನೆ ಮನೆಗೆ ಹೋಗೋಣ ಎಂದುಕೊಂಡ. ಹಿರಿಯೂರಿನ ಹತ್ತಿರ ನವೀನನ ಫೋನ್ ರಿಂಗಾಯಿತು. ಅವನು ಕಣ್ಣುಜ್ಜಿಕೊಂಡು, "ಹೌದಣ್ಣ, ನನ್ ಕಟ್ಟೇ ಅದು, ಎರಡು ವರ್ಷ ತಲೆ ಕೆಡಿಸ್ಕೊಂಡಿದ್ದೆ" ಎಂದ. ಯರ್ರಿಸ್ವಾಮಿ ಮೆಲ್ಲಗೆ ಭುಜ ಸರಿಸಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದ.

ಹೋಟೆಲಿನಲ್ಲಿ ಎಲ್ಲವೂ ಅಳತೆಯಂತೆಯೇ ನಡೆಯಿತು. ಮೆಕ್ಸಿಕೋದ ಮಡಿಸಿದ ಮೆಕ್ಕೆಜೋಳದ ರೊಟ್ಟಿ ಬಂತು, ಲೆಬನಾನಿನ ಕಡಲೆಯ ಗೊಜ್ಜು ಬಂತು, ಸ್ಪೇನಿನ ಆಲೂಗಡ್ಡೆ ಬಂತು. ರೊಟ್ಟಿ ನೋಡಿ ನವೀನ್, ಇಷ್ಟು ದೂರ ಬಂದು ಅದನ್ನೇ ತಿನ್ನಬೇಕಾಯ್ತಲ್ಲ ಎಂದು ನಗಿಸಿದ. ಯರ್ರಿಸ್ವಾಮಿ ಮೆನುವಿನಲ್ಲಿ ಹಸಿ ಪಪ್ಪಾಯಿಯ ಚಿತ್ರದ ಮೇಲೆ ಬೆರಳಿಟ್ಟು, ಇದು ನಮ್ಮ ಕೋಸಂಬರಿ ಇದ್ದಂಗ ಐತಲ್ರಿ ಎಂದು ಏನೂ ತಿಳಿಯದವನಂತೆ ಅಂದ. ಹನುಮಂತರಾಯಪ್ಪನವರು ತಕ್ಷಣ ಅದನ್ನೂ ತರಲು ಹೇಳಿದರು. ಯರ್ರಿಸ್ವಾಮಿ ಕೈತೊಳೆಯಲು ಎದ್ದುಹೋದ. ಕನ್ನಡಿಯಲ್ಲಿ ಕಂಡ ಮುಖ ಬೇರೆ ಯಾರದೋ ಎನಿಸಿ, ನೀರು ಹಾಕಿಕೊಂಡು ಬಂದ.

ತಟ್ಟೆ ನಡುವೆ ಬಂದು ಕೂತಿತು. ಯರ್ರಿಸ್ವಾಮಿ ಮೊದಲ ತುತ್ತು ತಿಂದ. ಖಾರ, ಹುಳಿ, ಸಿಹಿ ಎಲ್ಲ ಒಟ್ಟಿಗೆ ನಾಲಿಗೆಗೆ ಹತ್ತಿದವು. ಇನ್ನೇನಿತ್ತೋ ಅವನಿಗೆ ತಿಳಿಯಲಿಲ್ಲ. ನವೀನ್ ಚಮಚ ಎತ್ತಿ, ಅಭ್ಯಾಸದಂತೆ ಮಾಸ್ತರನ ಮುಖ ನೋಡಿದ.

"ಕೇಳಿಕೊಂಡು ಬಂದೀನಿ," ಎಂದ ಯರ್ರಿಸ್ವಾಮಿ ತಗ್ಗಿದ ದನಿಯಲ್ಲಿ. "ಬರೇ ಶೇಂಗಾ. ನಿನಗ ಆಗದ್ದು ಏನೂ ಇಲ್ಲ. ತಿನ್ನಪ್ಪ."

ನವೀನ್ ತಿಂದ. ಇನ್ನೊಂದು ಚಮಚ ತಿಂದ. ಮೂರನೆಯದು ಬಾಯಿಗೆ ಹೋದಾಗ ಒಮ್ಮೆಲೇ ಕೆಮ್ಮಿದ. ಮುಖ ಕೆಂಪೇರಿತು, ಕಣ್ಣು ತುಂಬಿತು, ಕೈ ಗಂಟಲಿಗೆ ಹೋಯಿತು.

ಯರ್ರಿಸ್ವಾಮಿ ಕುರ್ಚಿ ಬೀಳುವಂತೆ ಎದ್ದ. ಎಷ್ಟು ದಿನದಿಂದ ಮನಸ್ಸಿನಲ್ಲೇ ಆಡಿ ನೋಡಿದ್ದ ಮಾತು ತಾನಾಗಿ ಹೊರಬಂತು. ಬಡಿಸುವವನ ಕಾಲರ್ ಹಿಡಿದು, "ಒಣ ಸೀಗಡಿ ಕುಟ್ಟಿ ಹಾಕೀರಲ್ಲೋ ಇದರಾಗ! ಇವನಿಗೆ ಅದು ವಿಷ! ಇಲ್ಲ ಅಂತ ಯಾಕ ಹೇಳಿದಿ?" ಎಂದು ಇಡೀ ಹೋಟೆಲು ತಿರುಗಿ ನೋಡುವಂತೆ ಕೂಗಿದ.

"ನೀವು ನನ್ನ ಏನೂ ಕೇಳಲೇ ಇಲ್ಲವಲ್ಲ ಸರ್," ಎಂದ ಅವನು ಗಾಬರಿಯಿಂದ. "ಯಾವಾಗಲೂ ಹಾಕ್ತೀವಿ, ನಿಜ. ಆದ್ರೆ ಈ ಟೇಬಲ್ಲಿಗೆ ಇವತ್ತು ಹಾಕಿಲ್ಲ. ಅವರು ಕಚ್ಚಿದ್ದು ಹಸಿಮೆಣಸಿನಕಾಯಿ."

ನವೀನ್ ನೀರು ಕುಡಿದ. ಕೆಮ್ಮು ನಿಂತಿತು. ಕಣ್ಣು ಒರೆಸಿಕೊಳ್ಳದೆ ಮಾಸ್ತರನನ್ನೇ ನೋಡಿದ. "ಸೀಗಡಿ ಇರುತ್ತೆ ಅಂತ ನಿಮಗೆ ಗೊತ್ತಿತ್ತಾ ಮಾಸ್ಟ್ರೇ?" ಎಂದ. "ಬರೀ ಕಡ್ಲೆಕಾಯಿ ಅಂದ್ರಲ್ಲ." ಹನುಮಂತರಾಯಪ್ಪನವರು ಚಮಚವನ್ನು ಸದ್ದಾಗದಂತೆ ಕೆಳಗಿಟ್ಟು ಯರ್ರಿಸ್ವಾಮಿಯ ಕಡೆ ತಿರುಗಿದರು.

ಬಡಿಸುವವನು ತನ್ನ ತಪ್ಪಿಲ್ಲವೆಂದು ತೋರಿಸುವ ಆತುರದಲ್ಲಿ ಹೇಳುತ್ತಲೇ ಇದ್ದ. ಒಂದೇ ತಟ್ಟೆಯಿಂದ ಹತ್ತು ಜನ ತಿನ್ನುವ ಜಾಗವಾದ್ದರಿಂದ, ಊಟಕ್ಕೆ ಬರುವ ಪ್ರತಿಯೊಬ್ಬರಿಗೂ ಹಿಂದಿನ ದಿನ ಫೋನ್ ಮಾಡಿ ಆಗದ ಪದಾರ್ಥ ಯಾವುದೆಂದು ಕೇಳುತ್ತಾರಂತೆ; ನಂಬರುಗಳನ್ನು ಹನುಮಂತರಾಯಪ್ಪನವರೇ ಕೊಟ್ಟಿದ್ದರಂತೆ; ನವೀನನ ಫೋನು ಎತ್ತಿದ ಅವನ ಹೆಂಡತಿ ದುರ್ಗಾ, ಸೀಗಡಿಯ ವಾಸನೆಯೂ ಬೇಡ ಎಂದು ಬೇಡಿಕೊಂಡಳಂತೆ. "ನಿಮಗೂ ಮಾಡಿದ್ವಿ ಸರ್, ನೀವು ಎತ್ತಲಿಲ್ಲ," ಎಂದ. ಯರ್ರಿಸ್ವಾಮಿಗೆ ಆಗ ನೆನಪಾಯಿತು. ಹಿಂದಿನ ದಿನ ಮಧ್ಯಾಹ್ನ, ಕಟಿಂಗ್ ಟೇಬಲ್ಲಿಗೆ ಒರಗಿ ಅವನು ಪಪ್ಪಾಯಿ ಕೋಸಂಬರಿ ಮಾಡುವ ವಿಡಿಯೋ ನೋಡುತ್ತಿದ್ದ. ಸೀಗಡಿಯನ್ನು ಒರಳಿಗೆ ಹಾಕುವ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಯಾವುದೋ ಗೊತ್ತಿಲ್ಲದ ನಂಬರು ಪರದೆಗೆ ಅಡ್ಡ ಬಂದಿತ್ತು, ಮತ್ತು ಅವನು ಸಿಡಿಮಿಡಿಗೊಂಡು ಕಾಲ್ ಕಟ್ ಮಾಡಿದ್ದ.