ಕಟಕಟೆಯ ಹಲಗೆ

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಹಳೆಯ ನ್ಯಾಯಾಲಯದ ಶಿರಸ್ತೇದಾರರು ಠಾಣೆಗೆ ಬಂದರು. ಕಡತಗಳ ನಡುವೆಯೇ ಕೂದಲು ನರೆಸಿಕೊಂಡ ಮನುಷ್ಯ. ಕಳುವಾಗಿದೆ ಎಂದರು. ಏನು ಎಂದು ಇನ್‌ಸ್ಪೆಕ್ಟರಮ್ಮ ಕೇಳಿದಾಗ, ಸಾಕ್ಷಿ ಕಟಕಟೆಯ ಮೇಲಿನ ಹಲಗೆ ಎಂದರು.

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. "ಚಿನ್ನದ ಊರಲ್ಲಿ ಕಟ್ಟಿಗೆ ಕದಿಯೋ ಕಾಲ ಬಂತಲ್ಲ ಸಾರ್."

ಶಿರಸ್ತೇದಾರರು ನಗಲಿಲ್ಲ. ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದ ಮರ್ಯಾದೆ ಎಂದರೆ ಆ ಕಟ್ಟಡವೊಂದೇ. ದುರಸ್ತಿ ಮುಗಿಸಿ, ಶುಕ್ರವಾರ ಪಾರಂಪರಿಕ ಕಟ್ಟಡವೆಂದು ಜನರಿಗೆ ತೆರೆಯುವವರಿದ್ದರು. ನೂರು ವರ್ಷ ಸಾಕ್ಷಿ ಹೇಳಿದವರ ಕೈ ಸವೆಸಿ ಸವೆಸಿ ಆ ಹಲಗೆಯಲ್ಲಿ ಎರಡು ತಗ್ಗು ಬಿದ್ದಿದ್ದವು. ಈಗ ಅಲ್ಲಿರುವುದು ಬಣ್ಣ ಹೊಂದಿಸಿದ ಹೊಸ ಹಲಗೆ.

"ಕಣ್ಣಿಗೆ ಒಂದೇ ಥರ ಕಾಣುತ್ತಮ್ಮಾ. ಕೈಯಿಟ್ಟರೆ ಗೊತ್ತಾಗುತ್ತೆ."

ಹನ್ನೊಂದು ಹತ್ತಕ್ಕೆ ಎಫ್‌ಐಆರ್ ಆಯಿತು. ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಎತ್ತರದ ಕಿಟಕಿಗಳ ಆ ಕೋಣೆಯಲ್ಲಿ ಹಸಿ ವಾರ್ನಿಷ್ ವಾಸನೆ ತುಂಬಿತ್ತು. ಇನ್‌ಸ್ಪೆಕ್ಟರಮ್ಮ ಕಟಕಟೆ ಹತ್ತಿ ನಿಂತು ಎರಡೂ ಕೈ ಊರಿದರು. ಹಲಗೆ ನುಣ್ಣಗಿತ್ತು, ಆದರೆ ಕೈ ನಿಲ್ಲಲು ಜಾಗವಿಲ್ಲದೆ ಜಾರಿತು.

ಹೆಡ್ ಕಾನ್‌ಸ್ಟೇಬಲ್ ಗಣಿ ಕಾಲೋನಿಯಲ್ಲೇ ಹುಟ್ಟಿ ಬೆಳೆದವ. ಟಾರ್ಚ್ ಹಿಡಿದು ಕಟಕಟೆಯ ಕೆಳಗೆ ತೂರಿದವನು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ಮೊಳೆ ಇಲ್ಲ, ಮರದ ಬೆಣೆ ಹೊಡೆದು ಬಿಗಿದಿದ್ದಾರೆ, ಸುರಂಗದಲ್ಲಿ ಆಸರೆ ಕಂಬ ಕೂರಿಸುವವರ ಕೆಲಸ ಇದು ಎಂದು ಕೆಳಗಿನಿಂದಲೇ ವರದಿ ಒಪ್ಪಿಸಿದ. ಆಮೇಲೆ ಅವನ ದನಿ ಬದಲಾಯಿತು.

"ಮೇಡಂ, ಕಳ್ಳ ಸಹಿ ಹಾಕಿ ಹೋಗಿದಾನೆ."

ಹಲಗೆಯ ಅಡಿಯಲ್ಲಿ ಸೀಮೆಸುಣ್ಣದ ಎರಡು ಗೀಟು, ಒಂದು ಬೊಟ್ಟು. ಗಣಿಯಲ್ಲಿ ಕಂಬ ಕೂರಿಸಿದವನು ತನ್ನ ಗುರುತು ಹಾಕಲೇಬೇಕಿತ್ತು. ನಾಳೆ ಅದು ಕುಸಿದರೆ ಯಾರ ಕೆಲಸವೆಂದು ತಿಳಿಯಬೇಕಲ್ಲ. ಮೂವತ್ತು ವರ್ಷ ಹಾಗೆ ಬದುಕಿದ ಕೈಗೆ ಕಳ್ಳತನವನ್ನೂ ಗುರುತಿಲ್ಲದೆ ಬಿಡಲಾಗಿರಲಿಲ್ಲ.

ಗಣಿ ಪಿಂಚಣಿದಾರರ ಓದುಕೋಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆ ಗುರುತನ್ನು ಕಾಗದದ ಮೇಲೆ ಬರೆಯುತ್ತಿರುವಾಗ, ಬೊಟ್ಟು ಇಡುವ ಮೊದಲೇ ಇಬ್ಬರು ಮುದುಕರು ಹೆಸರು ಹೇಳಿದರು. ಬೆಣೆಯಜ್ಜ. ಮೂರು ವಾರದಿಂದ ನ್ಯಾಯಾಲಯದ ಬಾಗಿಲು ದುರಸ್ತಿಗೆ ಹೋಗುತ್ತಿದ್ದವನು.

ಮೂರೂವರೆಗೆ, ಹಲಗೆ ಗುರುತಿಸಲು ಶಿರಸ್ತೇದಾರರನ್ನೂ ಪಂಚರಿಬ್ಬರನ್ನೂ ಕರೆದುಕೊಂಡು ಇನ್‌ಸ್ಪೆಕ್ಟರಮ್ಮ ಬೆಣೆಯಜ್ಜನ ಸಾಲುಮನೆಗೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಎರಡು ಗೂಟಗಳ ಮೇಲೆ ಹಲಗೆ ನಿಂತಿತ್ತು. ಅದರ ತಗ್ಗುಗಳಲ್ಲಿ ಕೈಯಿಟ್ಟು, ತೊಂಬತ್ತು ದಾಟಿದ ಮುದುಕಿಯೊಬ್ಬರು ಸ್ಟೂಲಿನ ತುದಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅರವತ್ತೆಂಟರ ಮಗ, ಬೆಣೆಯಜ್ಜ.

"ನೀವೇ ತೆಗೆದದ್ದಾ?"

"ಹೌದು."

"ಯಾಕೆ?"

ಬೆಣೆಯಜ್ಜ ದನಿ ತಗ್ಗಿಸಿ ಹೇಳಿದ. ಅವನಿಗೆ ಎಂಟು ವರ್ಷವಿದ್ದಾಗ ಸುರಂಗ ಕುಸಿದು ಅಪ್ಪ ಸತ್ತಿದ್ದ. ಅಪ್ಪನದೇ ಅಜಾಗರೂಕತೆ ಎಂದು ಕಂಪನಿ ವಾದಿಸಿತು. ಅಮ್ಮನನ್ನು ಸಾಕ್ಷಿಗೆ ಕರೆದರು. ಆಕೆ ಕಟಕಟೆ ಹತ್ತಿ, ಆ ಹಲಗೆ ಹಿಡಿದು ನಿಂತಳು. ಬಾಯಿ ಬರಲಿಲ್ಲ. ಸಾಕ್ಷಿ ಏನೂ ಹೇಳಲಿಲ್ಲ ಎಂದು ಬರೆದು ಕೇಸು ಮುಗಿಸಿದರು. ಈಗ ಆಕೆಗೆ ಮಗನ ಗುರುತೂ ಸರಿಯಾಗಿ ಹತ್ತದು. ಕೋರ್ಟಿಗೆ ಯಾವಾಗ ಕರೀತಾರೆ ಎಂಬುದೊಂದೇ ಮಾತು. ಒಂದು ಸಲ ಕರೆದುಕೊಂಡು ಬರುತ್ತೇನೆ ಎಂದು ಬೆಣೆಯಜ್ಜ ಕಂಟ್ರಾಕ್ಟರನ್ನು ಬೇಡಿದ್ದ. ಕೆಲಸ ನಡೆಯುವ ಜಾಗಕ್ಕೆ ಹೊರಗಿನವರನ್ನು ಬಿಡುವುದಿಲ್ಲ ಎಂದಿದ್ದರು. ಶುಕ್ರವಾರದವರೆಗೆ ಆಕೆಯ ಉಸಿರು ಉಳಿಯುವ ಭರವಸೆ ಡಾಕ್ಟರಿಗೂ ಇರಲಿಲ್ಲ.

"ನನ್ನ ಮುಂದೆ ಹೇಳೋದಿಲ್ಲ ಅವಳು. ನೀನು ಜಡ್ಜಾ ಅಂತಾಳೆ."

ಮುದುಕಿಯ ಕಣ್ಣು ಇನ್‌ಸ್ಪೆಕ್ಟರಮ್ಮನ ಸಮವಸ್ತ್ರದ ಮೇಲೆ ನಿಂತಿತ್ತು. "ಕರೆದ್ರಾ?" ಎಂದರು.

ಹಲಗೆ ಬಿಚ್ಚಲು ಬಗ್ಗಿದ್ದ ಹೆಡ್ ಕಾನ್‌ಸ್ಟೇಬಲ್‌ನನ್ನು ಇನ್‌ಸ್ಪೆಕ್ಟರಮ್ಮ ಕೈ ಮಾಡಿ ತಡೆದರು. ಟೋಪಿ ಸರಿಮಾಡಿಕೊಂಡು, ಬಿಳಿ ಹಾಳೆ ತೆಗೆದು, ಎದುರಿಗೆ ಕೂತರು.

"ಕರೆದಿದ್ದೀವಿ. ಹೇಳಿ ಅಜ್ಜಿ."

ಮುದುಕಿಯ ಬೆರಳುಗಳು ತಗ್ಗಿನಲ್ಲಿ ಬಿಗಿದವು. ಬೆಣೆಯಜ್ಜ ಗೋಡೆಗೆ ಮುಖ ಮಾಡಿದ.

"ಕಂಬ ಕೊಳೆತಿದೆ ಅಂತ ನಮ್ಮನೆಯವರು ಮೇಸ್ತ್ರಿಗೆ ಎರಡು ಸಲ ಹೇಳಿದ್ರು. ಎರಡನೇ ಸಲ ನಾನೂ ಜೊತೆಗಿದ್ದೆ. ಇಳೀದಿದ್ರೆ ಕೆಲಸ ಇಲ್ಲ ಅಂದ. ಅವರ ತಪ್ಪಿಲ್ಲ ಸ್ವಾಮಿ."

ಇನ್‌ಸ್ಪೆಕ್ಟರಮ್ಮ ಅಕ್ಷರ ಬಿಡದೆ ಬರೆದರು, ಓದಿ ಹೇಳಿದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಸಾಕ್ಷಿದಾರರ ಜಾಗದಲ್ಲಿ ಶಿರಸ್ತೇದಾರರು, ಯಾರೂ ಕೇಳದೆಯೇ, ಸಹಿ ಹಾಕಿದರು. ಆ ಹಾಳೆಗೆ ಯಾವ ನ್ಯಾಯಾಲಯದಲ್ಲೂ ಬೆಲೆಯಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ನಿಮ್ಮ ಸಾಕ್ಷಿ ದಾಖಲಾಯ್ತು. ಇನ್ನು ಇಳೀಬಹುದು."

ಮುದುಕಿ ತಾವಾಗಿಯೇ ಹಲಗೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ನಾಲ್ಕು ಐವತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಪಕ್ಕದ ಮನೆಯಾಕೆ ಬಂದು ಮುದುಕಿಯ ಬಳಿ ಕೂತಳು. ಐದು ಗಂಟೆಗೆ ಬೆಣೆಯಜ್ಜನ ಬಂಧನವಾಯಿತು. ನಾಳೆ ಜಾಮೀನಿಗೆ ಯಾರಿದ್ದಾರೆ ಎಂದು ಕೇಳಿದರೆ ಯಾರೂ ಇಲ್ಲವೆಂದ. ಶಿರಸ್ತೇದಾರರು ಮುಂದೆ ಬಂದು, ನನ್ನ ಹೆಸರು ಬರ್ಕೊಳ್ಳಿ ಎಂದರು.

ಕೇಸ್ ಡೈರಿಯ ಕೊನೆಯ ಅಂಕಣವನ್ನು ಇನ್‌ಸ್ಪೆಕ್ಟರಮ್ಮ ತಾವೇ ತುಂಬಿದರು. ದುಂಡಗೆ ಬರೆದರು. ಕೃತ್ಯದ ಉದ್ದೇಶ: ಸಾಕ್ಷಿ ಹೇಳಲು ತಾಯಿಯ ಸರದಿ ಬಂದಿತ್ತು.