ಸ್ನೆಝಾನಾ ಮೇಡಂ ಮೆಚ್ಚಿದ ಕತೆ

ಝಿವ್ಕೋನ ಕತೆಗಳು ಬಲ್ಗೇರಿಯಾದ ಬಂದರು ಪಟ್ಟಣ ಬುರ್ಗಾಸಿನ ಮಾಸಪತ್ರಿಕೆಯಿಂದ ಸಾಕಿದ ಪಾರಿವಾಳಗಳ ಹಾಗೆ ತಪ್ಪದೆ ಮನೆಗೆ ವಾಪಸಾಗುತ್ತಿದ್ದವು. ಸಂಪಾದಕಿ ಸ್ನೆಝಾನಾ ಮೇಡಂದು ಪ್ರತಿ ಸಲವೂ ಒಂದೇ ಮಾತು: "ಭಾಷೆಯೇನೋ ಚೆನ್ನಾಗಿದೆ. ಆದ್ರೆ ನಿಮ್ಮ ಪಾತ್ರಗಳಿಗೆ ಉಸಿರೇ ಇಲ್ವಲ್ರೀ!" ಮನೆಯಲ್ಲಿ ಅತ್ತೆ ಬೇರೆ, ಬಂದ ನೆಂಟರಿಗೆಲ್ಲ, "ನಮ್ಮ ಅಳಿಯಂದ್ರು ಸಾಹಿತಿಗಳು. ಓದೋರು ಇನ್ನೂ ಹುಟ್ಟಬೇಕಷ್ಟೆ" ಎನ್ನುತ್ತಿದ್ದಳು. ಒಂದೇ ಒಂದು ಕತೆ ಅಚ್ಚಾಗಬೇಕು, ಅದನ್ನು ಈ ಮುದುಕಿಯ ಕಾಫಿ ಲೋಟದ ಪಕ್ಕ ಇಡಬೇಕು ಎಂದು ಅವನ ಜೀವ ಹಂಬಲಿಸುತ್ತಿತ್ತು.

ಮೇಡಂ ಅವರನ್ನು ಹೂವು ಕೊಟ್ಟು ಒಲಿಸಲೂ ನೋಡಿದ್ದ. ಹೂವಾಡಗಿತ್ತಿ ಅವನ ಕೈಯಿಂದ ಟ್ಯೂಲಿಪ್ ಕಟ್ಟನ್ನು ಕಸಿದುಕೊಂಡು, "ಬದುಕಿರೋರಿಗಾ, ತೀರಿಹೋದೋರಿಗಾ?" ಎಂದಿದ್ದಳು.

"ಬದುಕಿರೋರಿಗೇ ಮಾರಾಯ್ತಿ!"

"ಮತ್ತೆ ಆರು ಯಾಕೆ ಎತ್ಕೊಂಡ್ರಿ? ಜೋಡಿ ಲೆಕ್ಕ ಗೋರಿಗೆ! ಸಮುದ್ರದ ಮೇಲೇ ಇದ್ದು ಎಲ್ಲಾ ಮರ್ತಿದೀರ" ಎಂದು ಒಂದನ್ನು ಕಿತ್ತಿಟ್ಟುಕೊಂಡಿದ್ದಳು. ಐದು ಹೂವಿಗೂ ಮೇಡಂ ಕರಗಲಿಲ್ಲ.

ಬರೆಯಲು ಬರದಿದ್ದರೇನು, ಕದಿಯಲು ಬರುತ್ತದಲ್ಲ! ಹಡಗಿನಲ್ಲಿ ಅಡುಗೆಯವನಾಗಿದ್ದಾಗ ಝಿವ್ಕೋ ಪೋರ್ಚುಗೀಸ್ ಕಲಿತಿದ್ದ. ಲಿಸ್ಬನ್ನಿನಿಂದ ತಂದ ಹಳೇ ಪತ್ರಿಕೆಯೊಂದು ಅಟ್ಟದ ಮೇಲಿತ್ತು. ಅದರಲ್ಲಿ ಬೆಸ್ತರ ಹುಡುಗನೊಬ್ಬ ವಿಧವೆಯನ್ನು ಪ್ರೀತಿಸುವ ಕತೆ. ಬರೆದವನು ಮಣ್ಣು ಸೇರಿದ್ದ, ಪತ್ರಿಕೆ ಮುಚ್ಚಿತ್ತು, ಬುರ್ಗಾಸಿನಲ್ಲಿ ಆ ಭಾಷೆ ಓದುವ ನರಪಿಳ್ಳೆಯೂ ಇರಲಿಲ್ಲ.

ಕಳ್ಳನಾದರೂ ಅವನು ಸೋಮಾರಿಯಲ್ಲ. ಹೆಸರುಗಳೆಲ್ಲ ಬದಲಾದವು. ಅಟ್ಲಾಂಟಿಕ್ ಹೋಗಿ ಕಪ್ಪು ಸಮುದ್ರ ಬಂತು, ದ್ರಾಕ್ಷಾರಸ ಹೋಗಿ ರಕಿಯಾ ಬಂತು. ಮೂಲದ ವಿಧವೆ ತಲೆಯನ್ನು ಮೇಲೆ ಕೆಳಗೆ ಆಡಿಸಿ ಹೂಂ ಎಂದಿದ್ದಳು. ಬಲ್ಗೇರಿಯಾದ ಹೆಣ್ಣು ಹಾಗೆ ಮಾಡಿದರೆ ಊಹೂಂ ಎಂದಂತಲ್ಲವೇ! ಝಿವ್ಕೋ ಅವಳ ತಲೆಯನ್ನು ಅಡ್ಡಡ್ಡ ಆಡಿಸಿದ. ಇಂಥ ಸೂಕ್ಷ್ಮ ಇನ್ಯಾವ ಕಳ್ಳನಿಗೆ ಹೊಳೆದೀತು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಹುಡುಗ ಹನ್ನೆರಡು ಗುಲಾಬಿ ಹಿಡಿದು ಅವಳ ಬಾಗಿಲು ತಟ್ಟುವ ಗಳಿಗೆಯನ್ನು ಮಾತ್ರ ಇದ್ದ ಹಾಗೇ ಇಳಿಸಿದ. ಅದನ್ನು ಬರೆಯುವಾಗ ಅವನಿಗೇ ಅಳು ಬಂದಿತ್ತು.

ವಾರ ಕಳೆಯುವಷ್ಟರಲ್ಲಿ ಮೇಡಂ ಕರೆಸಿದರು. ಅವರ ತಲೆ ಅಡ್ಡಡ್ಡ ಆಡುತ್ತಿತ್ತು. ಮೆಚ್ಚಿದ್ದಾರೆ! "ಎಂಥಾ ಕತೆ ರೀ! ಓದ್ತಾ ಓದ್ತಾ ಅತ್ತುಬಿಟ್ಟೆ" ಎಂದರು. ಝಿವ್ಕೋ ಹಿಗ್ಗಿಹೋದ. ಅತ್ತೆಯ ಮುಖ ಕಣ್ಣೆದುರು ಬಂದು, ನಗು ತಡೆಯಲು ತುಟಿ ಕಚ್ಚಿಕೊಂಡ.

ಮೇಡಂ ಮೇಜಿನ ಕೆಳಗಿನಿಂದ ಗುಲಾಬಿಯ ಕಟ್ಟೊಂದನ್ನು ಎತ್ತಿದರು. ಅವನು ಎರಡೂ ಕೈ ಚಾಚಿದ. "ತಡೀರಿ, ಇವು ನಿಮಗಲ್ಲ. ಹನ್ನೆರಡಿವೆ, ನಿಮ್ಮ ಹುಡುಗ ಮದುವೆ ಕೇಳೋಕೆ ತಗೊಂಡು ಹೋದಷ್ಟೇ. ನಮ್ಮೂರಲ್ಲಾಗಿದ್ರೆ ಆ ಹೆಣ್ಣು ಪೊರಕೆ ತಗೋತಿದ್ಲು. ಇದನ್ನ ಬರೆದೋರು ನಮ್ಮವರಲ್ಲ, ನೀವಂತೂ ಅಲ್ಲವೇ ಅಲ್ಲ. ಅವರು ತೀರಿಹೋಗಿದಾರೆ ಅಂದ್ಕೊಂಡು ಹನ್ನೆರಡು ತರಿಸಿದೆ" ಎಂದು ಮೇಡಂ ಒಂದು ಗುಲಾಬಿಯ ತೊಟ್ಟು ಹಿಡಿದು ಅವನ ಮುಖ ನೋಡಿದರು. "ಬದುಕಿದಾರಾ? ಹೇಳಿಬಿಡಿ, ಒಂದು ತೆಗೀತೀನಿ."