ಅರವತ್ತು ಗ್ರಾಮಿನ ರೊಟ್ಟಿ

ತಟ್ಟೆಗೆ ಬಿದ್ದ ರೊಟ್ಟಿಯನ್ನು ಅವನು ಮುರಿಯಲಿಲ್ಲ. ಬ್ಯಾಗಿನಿಂದ ಅಂಗೈಯಗಲದ ಒಂದು ತಕ್ಕಡಿ ತೆಗೆದ, ಬಟನ್ ಒತ್ತಿದ, ರೊಟ್ಟಿಯನ್ನು ಮಡಚಿ ಅದರ ಮೇಲಿಟ್ಟ.

ಜಲನಗರದ ಆ ಖಾನಾವಳಿಯಲ್ಲಿ ಆಗ ಹದಿನೈದು ಜನ ಉಣ್ಣುತ್ತಿದ್ದರು. ಹದಿನೈದು ಬಾಯಿಗಳೂ ನಿಂತವು.

ಒಲೆಯ ಮುಂದೆ ಕೂತಿದ್ದ ಪೂನಮಳ ಕಿವಿ ಬಿಸಿಯಾದವು. ಆರು ವರ್ಷದಿಂದ ಅವ್ವನ ಜೊತೆ ಈ ಖಾನಾವಳಿ ನಡೆಸುತ್ತಿದ್ದಳು. ಅವಳ ರೊಟ್ಟಿಗೆ ಇವತ್ತಿನವರೆಗೆ ಯಾರೂ ಕೊಂಕು ತೆಗೆದಿರಲಿಲ್ಲ.

"ಏನ್ರಿ, ಬಂಗಾರದಂಗಡಿ ಗಾಂಧಿ ಚೌಕದಾಗ ಅದಾವ. ಇದು ಖಾನಾವಳಿ."

ಅವನು ತಲೆ ಎತ್ತಿದ. ಕಣ್ಣಲ್ಲಿ ಚೇಷ್ಟೆ ಇರಲಿಲ್ಲ. "ಗೊತ್ತೈತ್ರಿ. ಅಲ್ಲಿ ರೊಟ್ಟಿ ಸಿಗಂಗಿಲ್ಲ."

"ಅಣ್ಣಾ, ಪಲ್ಯಾನೂ ಅಳದು ತಿಂತೀರೇನ್ರಿ?" ಎಂದ ಆಟೊ ಓಡಿಸುವ ಉಮರ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಫೋನಿನಲ್ಲಿ ಎಪ್ಪತ್ತೊಂದು ಎಂದು ಬರೆದ. ಎರಡನೆಯ ರೊಟ್ಟಿಗೆ ಐವತ್ತೆಂಟು.

"ಒಂದರಂಗ ಒಂದಿಲ್ರಿ," ಎಂದ.

"ಕೈಲೆ ಬಡದದ್ದು. ಒಂದರಂಗ ಒಂದು ಬೇಕಂದ್ರ ಮಷಿನ್ ರೊಟ್ಟಿ ತಿನ್ರಿ."

"ಮಷಿನ್ ರೊಟ್ಟಿಗೆ ರುಚಿ ಇರಂಗಿಲ್ರಿ."

ಅದು ಹೊಗಳಿಕೆ ಎಂದು ಅವಳಿಗೆ ಹೊಳೆದದ್ದು ಸಂಜೆ ಹಿಟ್ಟು ನಾದುವ ಪರಾತ ತಿಕ್ಕುವಾಗ. ಹೊಳೆದ ಮೇಲೆ ಸಿಟ್ಟು ಇನ್ನಷ್ಟು ಬಂತು.

ಅವನ ಹೆಸರು ಮಲ್ಲಿನಾಥ. ಬಬಲೇಶ್ವರದ ಕಡೆಯವನು, ಅಪ್ಪ ಸಿದ್ದರಾಯ ಕುರಿ ಕಾಯುತ್ತಾನೆ. ಇವನು ದ್ರಾಕ್ಷಿ ತೋಟಗಳಿಗೆ ಡ್ರಿಪ್ ಪೈಪು ಹಾಕುವ ಕಂಪನಿಯಲ್ಲಿ ಮೆಕ್ಯಾನಿಕ್, ಜಲನಗರದಲ್ಲೇ ಬಾಡಿಗೆ ರೂಮು. ಇಷ್ಟನ್ನೂ ಉಮರನೇ ತಿಳಿದು ಬಂದು ಹೇಳಿದ. ಅವಳು ಕೇಳಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ.

ದಿನವೂ ಅದೇ ಆಟ. ತೂಕ ಹಾಕುತ್ತಿದ್ದ, ಬರೆಯುತ್ತಿದ್ದ, ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದ. ಬಂದ ಮೇಲೂ ಮೊದಲು ಸೌತಿಕಾಯಿ, ಮೆಂತ್ಯದ ಸೊಪ್ಪು, ಹೆಸರುಕಾಳಿನ ಪಲ್ಯ. ರೊಟ್ಟಿಗೆ ಕೈ ಹಾಕುವ ಹೊತ್ತಿಗೆ ಅದು ತಣ್ಣಗಾಗಿರುತ್ತಿತ್ತು. ಅನ್ನ ಮುಟ್ಟುತ್ತಿರಲಿಲ್ಲ. ಇಷ್ಟು ಸೊಕ್ಕಿನಿಂದ ಉಣ್ಣುವವನನ್ನು ಪೂನಮ ಕಂಡಿರಲಿಲ್ಲ.

ಐದನೆಯ ದಿನ ಅವಳು ಅಡುಗೆಮನೆಯ ತಕ್ಕಡಿಯನ್ನು ಒಲೆಯ ಪಕ್ಕಕ್ಕೆ ಎಳೆದುಕೊಂಡಳು. ಎಂಬತ್ತೈದು ಗ್ರಾಮಿನ ಹಿಟ್ಟಿನ ಉಂಡೆ ಬೆಂದು ಬಂದಾಗ ಅರವತ್ತಾಗುತ್ತದೆ ಎಂದು ಕಂಡುಕೊಳ್ಳಲು ಎರಡು ದಿನ ಹಿಡಿಯಿತು. ತಕ್ಕಡಿ ನೋಡದೆ ಕೈಗೆ ಅದು ಬರಲು ಇನ್ನೊಂದು ವಾರ. ಅವನ ಫೋನಿನಲ್ಲಿ ಅರವತ್ತು, ಅರವತ್ತು, ಅರವತ್ತೊಂದು, ಅರವತ್ತು ಎಂದು ಸಾಲು ಬಿತ್ತು. ಅವನು ತಕ್ಕಡಿ ನೋಡುತ್ತಿದ್ದ, ಆಮೇಲೆ ಅವಳನ್ನು. ಅವಳು ರೊಟ್ಟಿ ತಿರುವುವ ನೆವದಲ್ಲಿ ಮುಖ ತಿರುಗಿಸುತ್ತಿದ್ದಳು. ಗೆದ್ದದ್ದು ತಾನು, ಎದೆ ಹೊಡೆದುಕೊಳ್ಳುತ್ತಿದ್ದದ್ದೂ ತನ್ನದೇ.

ಒಂದು ದಿನ ಅವನು ತಕ್ಕಡಿಯನ್ನೇ ತೆಗೆಯಲಿಲ್ಲ.

"ಯಾಕ್ರಿ, ಸೆಲ್ ಹೋಗ್ಯಾವೇನು?"

"ಇಲ್ರಿ. ಇನ್ನ ಬ್ಯಾಡ ಅನಸ್ತು. ನಿಮ್ಮ ಕೈ ಐತಲ್ಲ." ಹಿಟ್ಟು ಮೆತ್ತಿದ ಅವಳ ಬೆರಳುಗಳನ್ನು ನೋಡಿ ಹಾಗಂದು ಹಿತ್ತಲಿಗೆ ಹೋದ.

ಅವಳು ಹಿಂದೆಯೇ ಹೋದಳು. ಅವನು ಗೋಡೆಗೆ ಮುಖ ಮಾಡಿ, ಅಂಗಿ ಎತ್ತಿ, ಪೆನ್ನಿನಂಥದ್ದೊಂದರಿಂದ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ.

ಅವನೇನೂ ಬೆಚ್ಚಲಿಲ್ಲ. "ಇನ್ಸುಲಿನ್ ರಿ. ಹದಿನಾಲ್ಕು ವರ್ಷದಾಂವ ಇದ್ದಾಗಿಂದ ಐತಿ. ನನ್ನ ಮೈಯಾಗ ಅದು ಹುಟ್ಟಂಗಿಲ್ಲ. ಉಣ್ಣೋದರಾಗ ಕಾರ್ಬ್, ಅಂದ್ರ ಸಕ್ರಿ ಆಗೋ ಅಂಶ, ಎಷ್ಟೈತಿ ಅಂತ ಲೆಕ್ಕಾ ಹಾಕಿ ಚುಚ್ಚಕೋಬೇಕು. ನಿಮ್ಮ ಒಂದು ರೊಟ್ಟ್ಯಾಗ ಸುಮಾರು ಮೂವತ್ತು ಗ್ರಾಮ್. ನನ್ನ ಮೈಗೆ ಅದಕ್ಕ ಮೂರು ಯೂನಿಟ್."

"ಜ್ವಾಳದ ರೊಟ್ಟಿ ಸಕ್ರಿ ಬ್ಯಾನಿಗೆ ಚಲೋ ಅಂತಾರಲ್ರಿ. ಎಷ್ಟರೆ ತಿನ್ನಬೋದಂತ."

"ಚಲೋನ ಐತಿ. ಅನ್ನದಂಗ ಒಮ್ಮೆಲೆ ಏರಸಂಗಿಲ್ಲ, ಸಾವಕಾಶ ಏರಸತೈತಿ. ಏರಸೋದಂತೂ ಬಿಡಂಗಿಲ್ಲ."

"ಲೆಕ್ಕಾ ತಪ್ಪಿದ್ರ?"

"ಚುಚ್ಚಕೊಂಡಿದ್ದಕ್ಕಿಂತ ಜಾಸ್ತಿ ತಿಂದ್ರ ಶುಗರ್ ಏರತೈತಿ. ಅದು ಸಾವಕಾಶ ಕೊಲ್ಲತೈತಿ. ಕಡಿಮಿ ತಿಂದ್ರ ಇಳೀತೈತಿ, ಲಗೂನ ಸಿಹಿ ಬೇಕಾಕೈತಿ." ಪೆನ್ನಿಗೆ ಮುಚ್ಚಳ ಹಾಕಿದ. "ಅದಕ್ಕ ಅಷ್ಟು ಪುರುಸೊತ್ತಿರಂಗಿಲ್ಲ."

ಒಳಗೆ ಬರುವ ಮುಂಚೆ ಇನ್ನೊಂದು ಮಾತು ಹೇಳಿದ. "ಯಾರಿಗೂ ಹೇಳಬ್ಯಾಡ್ರಿ. ಎರಡು ಮನಿಯವರು ಕನ್ಯಾ ಕೊಡತೀವಂದು, ಇದು ಗೊತ್ತಾದ ಮ್ಯಾಲ ಹೊಳ್ಳಿ ನೋಡಲಿಲ್ಲ. ಪಾಪ ಅಂತಾರಲ್ರಿ ಮಂದಿ, ಅದು ಚುಚ್ಚೂದು ಈ ಸೂಜಿಗಿಂತ ಜಾಸ್ತಿ."

ಅವಳು ಹೂಂ ಅಂದಳು. ಆವತ್ತು ಸಂಜೆ ಕೈ ತೊಳೆಯುತ್ತ ಬಹಳ ಹೊತ್ತು ಕೈಯನ್ನೇ ನೋಡಿಕೊಂಡಳು. ಒಬ್ಬ ಗಂಡಸು ಈ ಕೈಯನ್ನು ನಂಬಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಾನೆ. ಪ್ರೀತಿ ಮೊದಲು ಹೆದರಿಕೆಯಾಗಿ ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬೇಸಿಗೆ ಹತ್ತಿತು. ದ್ರಾಕ್ಷಿ ಒಣಗಿಸುವ ಕಾಲ. ಮಲ್ಲಿನಾಥನ ಕೆಲಸ ತಿಕೋಟಾ, ಬಬಲೇಶ್ವರದ ಕಡೆ ಹೆಚ್ಚಾಯಿತು. ಬೆಳಿಗ್ಗೆಯೇ ಡಬ್ಬಿ ಒಯ್ಯುತ್ತಿದ್ದ. ಅವನ ಮೂರು ರೊಟ್ಟಿಯನ್ನು ಪೂನಮ ಎಲ್ಲರಿಗಿಂತ ಮೊದಲು ಬಡಿಯುತ್ತಿದ್ದಳು. ಡಬ್ಬಿ ಕೊಡುವಾಗ ಬೆರಳಿಗೆ ಬೆರಳು ತಾಗುತ್ತಿತ್ತು, ಇಬ್ಬರೂ ಡಬ್ಬಿಯ ಬಿಸಿಯ ಬಗ್ಗೆ ಮಾತಾಡುತ್ತಿದ್ದರು.

ಅವ್ವ ಪರಸವ್ವ ಕುರುಡಿಯಲ್ಲ. "ಏನ ಬೇ, ಆ ತಕ್ಕಡಿಯಾಂವನ ಮ್ಯಾಲ ಮನಸೇನು? ಅವರ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ನಮ್ಮಲ್ಲಿ ಉಣ್ಣೂದು ಬ್ಯಾರೆ ಮಾತು, ನಮ್ಮಲ್ಲಿಂದ ಕನ್ಯಾ ಒಯ್ಯೂದು ಬ್ಯಾರೆ ಮಾತು." ಗೋಡೆಯ ಮೇಲಿನ ಬುದ್ಧನ ಫೋಟೊ ಒರೆಸುತ್ತ ಅಂದಳು.

"ಮನಸೂ ಇಲ್ಲ ಏನೂ ಇಲ್ಲ," ಎಂದಳು ಪೂನಮ. ಅವ್ವ ನಂಬಲಿಲ್ಲ ಎಂದು ಕಂಡಿತು. ಆಗ ಬಾಯಿ ಜಾರಿತು. "ಅವಂಗ ಸಕ್ರಿ ಬ್ಯಾನಿ ಐತಿ ಬೇ, ಅದಕ್ಕ ತೂಕ ನೋಡಿ ಬಡೀತೇನಿ. ಅಷ್ಟ."

"ಇಷ್ಟು ಸಣ್ಣ ವಯಸ್ಸಿನ್ಯಾಗ? ಪಾಪ," ಎಂದಳು ಪರಸವ್ವ.

ಶುಕ್ರವಾರ ಪೂನಮ ಸಾಮಾನು ತರಲು ನಸುಕಿನಲ್ಲೇ ಗಾಂಧಿ ಚೌಕಕ್ಕೆ ಹೋದಳು. ಡಬ್ಬಿ ಕಟ್ಟಿಕೊಟ್ಟದ್ದು ಅವ್ವ. ಪೂನಮ ತಿರುಗಿ ಬಂದು, ಮಧ್ಯಾಹ್ನದ ರೊಟ್ಟಿ ಬಡಿದು, ಕೈ ಬಿಡುವಾದಾಗ ಎರಡು ಗಂಟೆ ಹತ್ತಿರವಾಗಿತ್ತು.

"ಆ ಹುಡುಗನ ರೊಟ್ಟಿಗೆ ಎಂಬತ್ತೈದರ ಉಂಡಿ ಮಾಡಿದ್ದಿ ಹೌದಿಲ್ಲೋ ಬೇ?" ಸುಮ್ಮನೆ ಕೇಳಿದಳು.

"ಅಷ್ಟು ದಪ್ಪಾನ? ಹಾಳಿಯಂಗ ತೆಳ್ಳಗ ಬಡದು ಕೊಟ್ಟೇನಿ. ಸಕ್ರಿ ಇದ್ದವರು ಕಡಿಮಿ ಉಣಬೇಕು. ಮ್ಯಾಲ ನಾಕು ಸೌತಿಕಾಯಿ ಇಟ್ಟೇನಿ. ಪಾಪ, ಆ ಕೂಸು ಚಲೋ ಇರಲಿ."

ಪೂನಮಳ ಕೈಯಲ್ಲಿದ್ದ ನೀರಿನ ತಂಬಿಗೆ ಅಲ್ಲೇ ಉಳಿಯಿತು. ಮೂರು ರೊಟ್ಟಿಗೆ ಒಂಬತ್ತು ಯೂನಿಟ್. ತಿಂದದ್ದು ಹೆಚ್ಚೆಂದರೆ ಐದು ಯೂನಿಟ್ಟಿನಷ್ಟು. ನಾಲ್ಕು ಯೂನಿಟ್ ಅವನ ಮೈಯಲ್ಲಿ ಕೆಲಸವಿಲ್ಲದೆ ತಿರುಗುತ್ತಿದೆ.

ಮೊದಲ ಸಲ ಫೋನು ಎತ್ತಲಿಲ್ಲ. ಎರಡನೆಯ ಸಲ ಎತ್ತಿದ.

"ಏನರೆ ಸಿಹಿ ತಿನ್ರಿ, ಈಗಿಂದೀಗ. ರೊಟ್ಟಿ ತೆಳ್ಳಗಿದ್ವು."

ಉಸಿರಿನ ಸದ್ದು. ಆಮೇಲೆ ಒರಟು, ತೊದಲು ದನಿ. "ನೀ ಯಾವಾಕಿ ಹೇಳಾಕ? ನನಗ ಸಕ್ರಿ ಐತಿ. ಸಿಹಿ ತಿನ್ನಂಗಿಲ್ಲ." ಫೋನು ಕಟ್ಟಾಯಿತು.

ಅವನು ಎಂದಾದರೂ ತನ್ನನ್ನು 'ನೀ' ಅಂದಾನು ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಹೀಗೆ ಅಲ್ಲ.

ಸಕ್ಕರೆಯ ಡಬ್ಬ, ನೀರಿನ ಬಾಟಲಿ ಚೀಲಕ್ಕೆ ಹಾಕಿ ಸ್ಕೂಟಿ ಹತ್ತಿದಳು. ಇಟ್ಟಂಗಿಹಾಳ ದಾಟುವಾಗ ಇನ್ನೊಮ್ಮೆ ಫೋನು ಮಾಡಿದಳು, ರಿಂಗಾಗಿ ನಿಂತಿತು. ಬಿಸಿಲಿಗೆ ರಸ್ತೆ ನೀರಿನಂತೆ ಹೊಳೆಯುತ್ತಿತ್ತು. ಎದುರಿಗೆ ಬರುವ ಪ್ರತಿ ಬೈಕನ್ನೂ ನೋಡಿದಳು. ಅವನು ಇದೇ ಸ್ಥಿತಿಯಲ್ಲಿ ಬೈಕ್ ಹತ್ತಿದ್ದರೆ ಎಂಬ ಯೋಚನೆಯನ್ನು ಪೂರ್ತಿ ಮಾಡಲು ಬಿಡಲಿಲ್ಲ.

ತಿಕೋಟಾದ ಆಚೆ ದ್ರಾಕ್ಷಿ ಬೆಳೆಯುವ ಅಮೋಘಿ ಕಾಕಾನ ಶೆಡ್ಡಿನಲ್ಲಿ ಕೆಲಸ ಎಂದು ಅವನು ನಿನ್ನೆ ಹೇಳಿದ್ದ. ಬೈಕು ಅಲ್ಲೇ ನಿಂತಿತ್ತು. ಶೆಡ್ಡಿನೊಳಗೆ ಬಲೆಗಳ ಮೇಲೆ ಬಲೆ, ಎಲ್ಲದರ ಮೇಲೂ ಒಣಗುತ್ತಿರುವ ದ್ರಾಕ್ಷಿ. ಅದರ ಬುಡದಲ್ಲಿ ಮಲ್ಲಿನಾಥ ಅಂಗಿಯೆಲ್ಲ ಬೆವರಾಗಿ, ಕಣ್ಣು ಅರೆ ತೆರೆದು ಕೂತಿದ್ದ.

"ಹಗಲೊತ್ತಿನ್ಯಾಗ ಕುಡದಾನ ಅಂದಕೊಂಡ್ವಿ ನೋಡವಾ," ಎಂದ ಮುದುಕ ಅಮೋಘಿ. "ಆಮ್ಯಾಲ ಸಕ್ರಿ ಐತಿ ಸಕ್ರಿ ಐತಿ ಅನ್ನಾಕತ್ತ. ಈ ಒಣಾ ದ್ರಾಕ್ಷಿ ಮಣೂಕ ಕೊಡಬೇಕಂತ ಮಾಡಿದ್ದೆ, ಹಂಗಾರ ಬ್ಯಾಡಂತ ಬಿಟ್ಟೆ."

ಸುತ್ತ ಟನ್ನುಗಟ್ಟಲೆ ಸಿಹಿ. ನಡುವೆ ಸಿಹಿಯಿಲ್ಲದೆ ಸಾಯುತ್ತಿರುವ ಮನುಷ್ಯ.

ಬಾಟಲಿಯಲ್ಲಿ ಸಕ್ಕರೆ ಸುರುವಿ ಕಲಕಿ ಅವನ ಬಾಯಿಗೆ ಹಿಡಿದಳು. ಅವನು ಕೈ ತಳ್ಳಿದ. ಅರ್ಧ ಅವಳ ಮೈಮೇಲೆ ಚೆಲ್ಲಿತು.

"ಕುಡಿ," ಎಂದಳು. ಅವಳಿಗೂ ಮರ್ಯಾದೆಯ ನೆನಪಿರಲಿಲ್ಲ. "ನುಂಗು. ಅಷ್ಟ ಮಾಡು."

ನುಂಗಿದ. ಇನ್ನೊಂದು ಗುಟುಕು. ಹದಿನೈದು ನಿಮಿಷ ಅವಳು ಅವನ ಮುಂದೆ ಮಂಡಿಯೂರಿ ಕೂತು ಫೋನಿನ ಗಡಿಯಾರ ನೋಡಿದಳು. ಮೊದಲು ಬೆವರು ನಿಂತಿತು. ಆಮೇಲೆ ಕಣ್ಣು ಅವಳನ್ನು ಗುರುತಿಸಿದವು. ಅವನು ಬೆರಳಿಗೆ ಚುಚ್ಚಿ ಮೀಟರ್ ನೋಡಿದ. ಎಂಬತ್ತೆರಡು.

"ಏನರೆ ಕೆಟ್ಟ ಮಾತಾಡಿದ್ನೇನ್ರಿ?"

"ನನಗ 'ನೀ' ಅಂದ್ರಿ."

"ತಪ್ಪಾತ್ರಿ. ಅದು ನಾ ಅಲ್ಲ, ಶುಗರ್ ಮಾತಾಡಿದ್ದು." ಗೋಡೆಗೆ ತಲೆ ಆನಿಸಿದ. "ರೊಟ್ಟಿ ತೆಳ್ಳಗ ಅನಸ್ತು. ನಿಮ್ಮವ ಇರಬೇಕಂತ ನಂಬಿ ತಿಂದೆ."

ಸುಳ್ಳು ಹೇಳಲು ಜಾಗವಿತ್ತು. ಅವ್ವ ತಪ್ಪಿ ಬಡಿದಳು ಅಂದರೆ ಮುಗಿಯುತ್ತಿತ್ತು.

"ನಾನ ಅವ್ವಗ ಹೇಳಿದ್ದೆ," ಎಂದಳು. "ನಿಮ್ಮ ಮ್ಯಾಲ ಮನಸೈತೇನಂತ ಕೇಳಿದ್ಳು. ಇಲ್ಲ ಅನ್ನಾಕ ನಿಮ್ಮ ಬ್ಯಾನಿ ಮುಂದ ಮಾಡಿದೆ. ಅಕಿ ಪಾಪ ಅಂದು ತೆಳ್ಳಗ ಬಡದ್ಳು."

ಅವನು ಮೀಟರನ್ನು ಕಿಸೆಗಿಟ್ಟ. "ಮನಸಿಲ್ಲೇನು ಮತ್ತ?"

"ಇಲ್ಲಾಂದ್ರ ಇಷ್ಟು ದೂರ ಸಕ್ರಿ ಡಬ್ಬಿ ಹೊತಗೊಂಡು ಬರತಿದ್ನೇನ್ರಿ?"

ಅವನು ಗೋಡೆ ಹಿಡಿದು ಎದ್ದ. ಅಮೋಘಿ ಕೊಟ್ಟ ರೊಟ್ಟಿ ತಿಂದ, ಇನ್ನೊಮ್ಮೆ ಮೀಟರ್ ನೋಡಿದ, ಕೈ ನಡುಗುವುದು ಪೂರ್ತಿ ನಿಂತ ಮೇಲೆ ಬೈಕ್ ಹತ್ತಿ ಬಬಲೇಶ್ವರದ ಕಡೆ ಹೋದ.

ಮೂರು ದಿನ ಖಾನಾವಳಿಗೆ ಬರಲಿಲ್ಲ. ಪೂನಮಳ ಕೈ ಎಂಬತ್ತೈದರ ಉಂಡೆಯನ್ನೇ ಮಾಡುತ್ತಿತ್ತು, ತಿನ್ನುವವರು ಬೇರೆಯವರು. ಒಮ್ಮೆ ಪರಸವ್ವ, "ನನಗೇನ ಗೊತ್ತವಾ, ಕಡಿಮಿ ಉಂಡರೂ ಸಾಯತಾರಂತ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ನಾಲ್ಕನೆಯ ದಿನ ಮಧ್ಯಾಹ್ನ ಬಂದು ತನ್ನ ಜಾಗದಲ್ಲಿ ಕೂತ.

ಪೂನಮ ಎದ್ದು ಹೋಗಿ ಅಡುಗೆಮನೆಯ ತಕ್ಕಡಿಯನ್ನು ತಟ್ಟೆಯ ಪಕ್ಕಕ್ಕಿಟ್ಟಳು. "ಶುಗರ್ ನೋಡಕೊಂಡ್ರೇನು?"

"ನೂರಾ ಹನ್ನೆರಡು. ಸರಿ ಐತ್ರಿ."

"ತೂಕ ಹಾಕ್ರಿ."

"ನಿಮ್ಮ ಮ್ಯಾಲ ನಂಬಿಕಿ ಐತ್ರಿ."

"ನಂಬಿಕಿ ಬ್ಯಾಡ. ಅದು ಮೊನ್ನೆ ನಿಮ್ಮನ್ನ ತಿಂದ ಹಾಕತಿತ್ತು. ದಿನಾ ತೂಕ ಹಾಕ್ರಿ. ನನಗ ಅವಮಾನ ಆಗಂಗಿಲ್ಲ."

ಅವನು ರೊಟ್ಟಿಯನ್ನು ಮಡಚುತ್ತ ದನಿ ತಗ್ಗಿಸಿದ. "ಅಪ್ಪಗ ನಿಮ್ಮ ವಿಷಯ ಹೇಳೇನಿ. ಯಾರ ಪೈಕಿ ಅನ್ನೋದೂ ಹೇಳೇನಿ. ಎದ್ದು ಕುರಿ ಹೊಡಕೊಂಡು ಹೋದ, ಎರಡು ದಿನ ಮನಿಗೆ ಬರಲಿಲ್ಲ. ನಿನ್ನೆ ಸಂಜಿಗಿ ಬಂದು ಕೇಳಿದ, ಸಕ್ರಿ ಡಬ್ಬಿ ತಂದಾಕಿ ಅಕೀನ ಏನು ಅಂತ."

"ನೀವೇನಂದ್ರಿ?"

"ಅಕೀನ ಅಂದೆ. ಅಪ್ಪ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ."

ತಕ್ಕಡಿಯಲ್ಲಿ ಅರವತ್ತಾರು ಬಂತು. ಅವಳ ಕೈ ಇವತ್ತು ನಡುಗಿತ್ತು.

"ಆರು ಗ್ರಾಮ್ ಜಾಸ್ತಿ," ಎಂದ. ಅಂಚಿನಿಂದ ಒಂದು ತುಣುಕು ಮುರಿದ. ಅರವತ್ತು. ಮುರಿದ ತುಣುಕು ಎಲ್ಲಿಡಬೇಕೆಂದು ತಿಳಿಯದೆ ಬೆರಳಲ್ಲೇ ಉಳಿಯಿತು.

ಪೂನಮ ಬಗ್ಗಿ ಅದನ್ನು ತೆಗೆದುಕೊಂಡು, ಅವನ ತಟ್ಟೆಯ ಚಟ್ನಿಗೆ ಒತ್ತಿ, ಬಾಯಿಗೆ ಹಾಕಿಕೊಂಡಳು.

ಖಾನಾವಳಿಯ ಬಾಯಿಗಳೆಲ್ಲ ಇನ್ನೊಮ್ಮೆ ನಿಂತವು. ಪಲ್ಯ ಬಡಿಸುತ್ತಿದ್ದ ಪರಸವ್ವನ ಸೌಟು ಗಾಳಿಯಲ್ಲೇ ನಿಂತಿತು. ಗಂಡನ ತಟ್ಟೆಗೆ ಹೆಂಡತಿ ಬಿಟ್ಟು ಯಾರೂ ಹಾಗೆ ಕೈ ಹಾಕುವುದಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಪರಸವ್ವಾ, ಪಲ್ಯ ಚೆಲ್ಲಾಕತ್ತೈತಿ ನೋಡ ಬೇ," ಎಂದ ಉಮರ ಮೆಲ್ಲಗೆ.

ಮಲ್ಲಿನಾಥ ಪೆನ್ನು ತೆಗೆದ. ಹಿತ್ತಲಿಗೆ ಹೋಗಲಿಲ್ಲ. ಎಲ್ಲರ ಎದುರೇ, ಕೂತಲ್ಲೇ ಅಂಗಿಯ ತುದಿ ಎತ್ತಿ ಚುಚ್ಚಿಕೊಂಡ. ಮುಚ್ಚಳ ಹಾಕಿ ಕಿಸೆಗಿಟ್ಟು, ಸೌತಿಕಾಯಿಗೆ ಕೈ ಚಾಚುತ್ತ ಅವಳನ್ನು ನೋಡಿದ.

"ಹೋಗು ನೀ, ಎರಡನೇದು ಬಡಿ," ಎಂದ. "ಕೈ ನಡುಗಸಬ್ಯಾಡ."

ನೂರಾ ಹನ್ನೆರಡು ಎಂದು ಅವಳು ಒಲೆಯ ಕಡೆ ನಡೆಯುತ್ತ ನೆನಪು ಮಾಡಿಕೊಂಡಳು. ಈ ಸಲ ಮಾತಾಡಿದ್ದು ಶುಗರ್ ಅಲ್ಲ.